ಔತ್ಸುಕ್ಯ ಮತ್ತು ಚಿತ್ರತುರಗ: ಕಚ್ಚಾ ಹಾದಿಯ ಓಟದ ವಿಡಿಯೋ ಆಟಗಳಲ್ಲಿ ನಿರೀಕ್ಷೆಯೂ ಗ್ರಾಫಿಕ್ಸ್ ತಂತ್ರವೂ

೧

ಸಾಹಿತ್ಯದ ಸಂಶೋಧನೆಗೆ ಮೀಸಲಾದ ಪತ್ರಿಕೆಯಲ್ಲಿ ವಿಡಿಯೋ ಆಟಗಳನ್ನು ಕುರಿತ ಲೇಖನಕ್ಕೆ ಎಡೆಯುಂಟೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉಂಟೆಂದೇ ನಮ್ಮ ಉತ್ತರ. ನಮ್ಮ ದೇಶದ ರಸವಿಚಾರ ಮೊದಲಾದದ್ದು ಓದುವ ಕಾವ್ಯದಿಂದಲ್ಲ, ನೋಡುವ ನಾಟ್ಯದಿಂದ. ಭರತನ ಎದುರಿಗಿದ್ದುದು ರಂಗ, ನಟ, ವೇಷ, ಬಣ್ಣ ಮತ್ತು ಇವೆಲ್ಲವನ್ನೂ ಕಾದು ಕುಳಿತ ಪ್ರೇಕ್ಷಕ. ಇಂದಿನ ತರುಣನ ಕಣ್ಣುಕಿವಿಗಳನ್ನು ಸೆಳೆದುಕೊಂಡಿರುವ ಹೊಸ ದೃಶ್ಯಪ್ರಕಾರವೊಂದನ್ನು ಅದೇ ಶಾಸ್ತ್ರದ ಒರೆಗಲ್ಲಿಗೆ ತಿಕ್ಕಿ ನೋಡುವುದು ಶಾಸ್ತ್ರಕ್ಕೆ ಅಗೌರವವಾಗಲಾರದು. ಅದರ ಬಾಳಿಕೆಯನ್ನು ಪರೀಕ್ಷಿಸಿದಂತಾದೀತು.

ಪ್ರಸ್ತುತ ಲೇಖನದ ವಿಷಯ ಕಿರಿದಾದದ್ದು. ಡಾಂಬರಿನ ರಸ್ತೆಯನ್ನು ಬಿಟ್ಟು ರಾಡಿ, ಮರಳು, ಕಲ್ಲು, ಹಳ್ಳಗಳಲ್ಲಿ ವಾಹನಗಳನ್ನು ಓಡಿಸುವ ಪಂದ್ಯಗಳನ್ನು ಚಿತ್ರಿಸುವ ಆಟಗಳಿವೆ. ಇವುಗಳಲ್ಲೊಂದು ಬರಲಿದೆ ಎಂಬ ಸುದ್ದಿ ಬಂದೊಡನೆ ಅದರ ಚಿತ್ರತುಣುಕುಗಳು ಪ್ರಕಟವಾಗುತ್ತವೆ. ಆಟ ಕೈಗೆ ಬರುವುದಕ್ಕೆ ವರ್ಷವೊಂದಿದ್ದರೂ ಅದರ ಕೆಸರಿನ ಹೊಳಪು, ಧೂಳಿನ ಸುಳಿ, ಆಕಾಶದ ಬಣ್ಣ ಇವುಗಳ ಚರ್ಚೆ ನಡೆಯುತ್ತಿರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಾಲೇಜು ವಿದ್ಯಾರ್ಥಿಗಳೂ ಈ ಚರ್ಚೆಯಿಂದ ಹೊರಗಿಲ್ಲ. ಅವರಿಗೆ ಇದು ಹಣದ, ಕಾಲದ ಮತ್ತು ನಂಬಿಕೆಯ ಪ್ರಶ್ನೆ. ಹೀಗೆ ಮುಂಗಡವಾಗಿ ಹುಟ್ಟುವ ನಿರೀಕ್ಷೆ ಯಾವಾಗ ನ್ಯಾಯವಾದದ್ದು, ಯಾವಾಗ ವಂಚನೆ? ಇದಕ್ಕೆ ಉತ್ತರವನ್ನು ಚಿತ್ರದ ಸೊಗಸಿನಲ್ಲಿ ಹುಡುಕುವುದು ಸಾಮಾನ್ಯ ರೂಢಿ. ಆ ಚಿತ್ರವನ್ನು ಯಾವ ಯಂತ್ರ ಎಷ್ಟು ಕಾಲದಲ್ಲಿ ರಚಿಸಿತು ಮತ್ತು ಆ ಚಿತ್ರದೊಳಗಿನ ನೆಲ ಗಾಲಿಗೆ ಮಣಿಯುತ್ತದೆಯೋ ಇಲ್ಲವೋ ಎಂಬ ಎರಡು ಸಂಗತಿಗಳಲ್ಲಿ ಹುಡುಕಬೇಕೆಂಬುದು ಇಲ್ಲಿಯ ಪ್ರತಿಪಾದನೆ.

೨

ನಿರೀಕ್ಷೆಗೆ ನಮ್ಮ ಶಾಸ್ತ್ರದಲ್ಲಿ ಗೌರವದ ಸ್ಥಾನವಿದೆ. ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಔತ್ಸುಕ್ಯವೂ ಒಂದು. ನಾಟಕದ ಕಾರ್ಯಕ್ಕೆ ಹೇಳುವ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮವೆಂಬ ಐದು ಅವಸ್ಥೆಗಳಲ್ಲಿ ಮೊದಲನೆಯದಾದ ಆರಂಭವನ್ನು ಧನಂಜಯನು ದಶರೂಪಕದಲ್ಲಿ ಔತ್ಸುಕ್ಯದಿಂದಲೇ ಲಕ್ಷಣೀಕರಿಸುತ್ತಾನೆ. ಫಲವು ದೊರೆಯಬೇಕೆಂಬ ತವಕವಷ್ಟೇ ಅಲ್ಲಿರುತ್ತದೆ, ಯತ್ನವಿನ್ನೂ ಮೊದಲಾಗಿರುವುದಿಲ್ಲ. ಆದರೂ ಶಾಸ್ತ್ರಕಾರರು ಅದನ್ನು ಕಾರ್ಯದ ಹೊರಗಿನ ಸಂಗತಿಯೆಂದು ತಳ್ಳಿಹಾಕಲಿಲ್ಲ, ಕಾರ್ಯದ ಮೊದಲ ಅಂಗವೆಂದೇ ಗಣಿಸಿದರು. ಬರಲಿರುವ ಆಟಕ್ಕಾಗಿ ಕಾಯುವ ತರುಣನ ತವಕವನ್ನು ಹುಡುಗಾಟಿಕೆಯೆಂದು ಹಿರಿಯರು ಜರಿಯುವುದುಂಟು. ಶಾಸ್ತ್ರದ ದೃಷ್ಟಿಯಿಂದ ಆ ಜರಿತ ಸಲ್ಲದು. ಕಾಯುವಿಕೆಯೂ ಅನುಭವದ ಭಾಗವೇ.

ಈ ತವಕವನ್ನು ಹುಟ್ಟಿಸುವ ಸಾಧನಕ್ಕೆ ಟ್ರೇಲರ್ ಎಂದು ಹೆಸರು. ನಮ್ಮ ಸೀಮೆಯಲ್ಲಿ ಟ್ರೇಲರೆಂದರೆ ಕಬ್ಬು ಹೇರಿಕೊಂಡು ಟ್ರ್ಯಾಕ್ಟರಿನ ಹಿಂದೆ ಬರುವ ಗಾಡಿ. ಸಿನಿಮಾದ ಟ್ರೇಲರೂ ಮೊದಲಲ್ಲಿ ಹಿಂದೆಯೇ ಬರುತ್ತಿತ್ತು. ಒಂದು ಚಿತ್ರ ಮುಗಿದ ಮೇಲೆ ಮುಂಬರುವ ಚಿತ್ರದ ತುಣುಕನ್ನು ತೋರಿಸುತ್ತಿದ್ದರಾದ್ದರಿಂದ ಆ ಹೆಸರು ಬಂತು. ಈಗ ಅದು ಎಲ್ಲಕ್ಕೂ ಮುಂದೆ ಬರುತ್ತದೆ; ಒಮ್ಮೊಮ್ಮೆ ಎಳೆಯಬೇಕಾದ ಯಂತ್ರವಿನ್ನೂ ಸಿದ್ಧವಾಗದಿರುವಾಗಲೇ ಬರುತ್ತದೆ. ತೊಡಕಿರುವುದು ಇಲ್ಲಿ.

ಈ ಸೀಮೆಯದೇ ಆದ ಬಯಲಾಟವೊಂದರಿಂದ ಈ ತೊಡಕನ್ನು ವಿಶದಪಡಿಸಬಹುದು. ಕುಲಗೋಡ ತಮ್ಮಣ್ಣನಿಂದ ಬೆಳೆದು, ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತದ ಕಥೆ ಎಲ್ಲರಿಗೂ ತಿಳಿದದ್ದೇ. ನಾರದನು ಸ್ವರ್ಗದಿಂದ ಒಂದು ಹೂ ತರುತ್ತಾನೆ. ಅದು ರುಕ್ಮಿಣಿಯ ಪಾಲಾಗುತ್ತದೆ. ಸತ್ಯಭಾಮೆಗೆ ಮರವೇ ಬೇಕೆನಿಸುತ್ತದೆ. ಇಡೀ ಆಟ ನಿಂತಿರುವುದು ಒಂದು ಹೂವು ಹುಟ್ಟಿಸಿದ ಔತ್ಸುಕ್ಯದ ಮೇಲೆ. ಆದರೆ ನಾರದನು ತಂದದ್ದು ಹೂವಿನ ಚಿತ್ರವಲ್ಲ. ಅದು ಆ ಮರದ ಹೂವೇ. ಮರ ಅಂಗಳಕ್ಕೆ ಬಂದಾಗ ಅದರಲ್ಲಿ ಅಂಥವೇ ಹೂವುಗಳಿರುತ್ತವೆ. ಟ್ರೇಲರು ಈ ಬಗೆಯ ಹೂವೋ ಅಥವಾ ಯಾವ ಮರದಲ್ಲಿಯೂ ಬಿಡದ ಹೂವಿನ ಕಲ್ಪನೆಯೋ ಎಂಬುದನ್ನು ವಿಮರ್ಶಕನು ಮೊದಲು ವಿಚಾರಿಸಬೇಕು.

೩

ಇನ್ನೂ ಬಾರದ ಆಟವನ್ನು ವಿಮರ್ಶಿಸಲಾಗದು. ಆದರೆ ಬಂದುಹೋದ ಆಟವೊಂದರ ವಿಷಯದಲ್ಲಿ ಅದು ಬರುವ ಮುನ್ನ ಹುಟ್ಟಿದ ನಿರೀಕ್ಷೆಯನ್ನೂ ಬಂದ ಮೇಲೆ ದೊರೆತ ಫಲವನ್ನೂ ಒಟ್ಟಿಗೆ ಇಟ್ಟು ತೂಗಬಹುದು. ಇದಕ್ಕೆ ಮೋಟರ್‌ಸ್ಟಾರ್ಮ್ ಎಂಬ ಆಟಕ್ಕಿಂತ ಒಳ್ಳೆಯ ದೃಷ್ಟಾಂತ ಕಾಣದು.

೨೦೦೫ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆದ ಇ೩ ಪ್ರದರ್ಶನದ ಸಂದರ್ಭದಲ್ಲಿ ಸೋನಿ ಸಂಸ್ಥೆಯು ತನ್ನ ಪ್ಲೇಸ್ಟೇಷನ್ ೩ ಯಂತ್ರವನ್ನು ಜಗತ್ತಿಗೆ ಪರಿಚಯಿಸಿತು. ಅದರೊಡನೆ ತೋರಿಸಿದ ತುಣುಕುಗಳಲ್ಲಿ ಇಂಗ್ಲೆಂಡಿನ ಎವೊಲ್ಯೂಷನ್ ಸ್ಟುಡಿಯೋಸ್ ಸಿದ್ಧಪಡಿಸುತ್ತಿದ್ದ ಈ ಆಟದ್ದೂ ಒಂದಾಗಿತ್ತು. ಮೋಟರ್‌ಸೈಕಲ್ಲು, ಬಗ್ಗಿ, ಟ್ರಕ್ಕುಗಳು ಕೆಂಪು ಕಲ್ಲಿನ ಕಣಿವೆಯೊಂದರಲ್ಲಿ ಕೆಸರೆರಚುತ್ತ ನುಗ್ಗುತ್ತಿದ್ದವು. ಒಂದಕ್ಕೊಂದು ಢಿಕ್ಕಿ ಹೊಡೆದು ಚೂರಾಗುತ್ತಿದ್ದವು. ನೋಡಿದವರು ಬೆರಗಾದರು. ಮುಂದಿನ ತಲೆಮಾರಿನ ಆಟ ಹೀಗಿರುತ್ತದೆಂದು ನಂಬಿದವರು ಬಹುಮಂದಿ. ಆದರೆ ಆ ತುಣುಕನ್ನು ರಚಿಸಿದ್ದು ಆಟದ ಯಂತ್ರವಲ್ಲ. ಸಿನಿಮಾದ ಚಿತ್ರಗಳನ್ನು ರಚಿಸುವಂತೆ ಬಿಡುವಾಗಿ, ಮುಂಚಿತವಾಗಿ, ಬೇರೆ ಗಣಕಯಂತ್ರಗಳ ಮೇಲೆ ಕಟ್ಟಿದ ಚಿತ್ರವಾಗಿತ್ತು ಅದು. ಆಟ ಹೀಗಿರಬೇಕೆಂಬ ಗುರಿಯನ್ನು ತೋರಿಸುವುದಕ್ಕಾಗಿ ಮಾಡಿದ್ದೆಂಬ ವಿವರಣೆ ಆಮೇಲೆ ಬಂತು. ತೋರಿಸುವಾಗ ಈ ಭೇದವನ್ನು ಪ್ರೇಕ್ಷಕರಿಗೆ ಸ್ಪಷ್ಟಪಡಿಸಿರಲಿಲ್ಲ ಎಂಬುದೇ ಆಕ್ಷೇಪಕ್ಕೆ ಕಾರಣವಾಯಿತು.

ಆಟ ಹೊರಬಂದದ್ದು ಜಪಾನಿನಲ್ಲಿ ೨೦೦೬ರ ಡಿಸೆಂಬರಿನಲ್ಲಿ, ಅಮೆರಿಕ ಮತ್ತು ಯೂರೋಪುಗಳಲ್ಲಿ ೨೦೦೭ರ ಮಾರ್ಚಿನಲ್ಲಿ. ಹತ್ತೊಂಬತ್ತು ತಿಂಗಳ ಔತ್ಸುಕ್ಯದ ತರುವಾಯ ದೊರೆತ ಫಲ ಕೆಟ್ಟದ್ದಾಗಿರಲಿಲ್ಲ. ಅದು ಹುರುಪಿನ ಆಟವೆಂದು ವಿಮರ್ಶಕರು ಮೆಚ್ಚಿದರು. ೨೦೦೮ರಲ್ಲಿಯೂ ೨೦೧೧ರಲ್ಲಿಯೂ ಅದರ ಮುಂದಿನ ಭಾಗಗಳು ಬಂದವು. ಆದರೂ ಮೊದಲ ತುಣುಕಿನ ಎದುರು ಇಟ್ಟಾಗ ಅದರ ನೆರಳು ಒರಟಾಗಿ, ಚೂರಾಗುವ ಲೋಹ ಸರಳವಾಗಿ, ಸವಾರನ ಮೈ ಬಿರುಸಾಗಿ ಕಂಡಿತು. ಒಳ್ಳೆಯ ಆಟವೊಂದು ತನ್ನದೇ ಭಾವಚಿತ್ರದಿಂದ ಸೋತಿತೆಂಬುದು ಈ ಪ್ರಸಂಗದ ವಿಷಾದ. ಆ ಯಂತ್ರ ೨೦೦೭ರಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ ಹತ್ತಿರ ಹತ್ತಿರ ನಲವತ್ತು ಸಾವಿರ ರೂಪಾಯಿ. ಅಷ್ಟು ಹಣವನ್ನು ಒಂದು ತುಣುಕಿನ ನಂಬಿಕೆಯ ಮೇಲೆ ಕೂಡಿಸುವ ಮನೆಯ ಸ್ಥಿತಿಯನ್ನು ನೆನೆದರೆ ಇದು ಬರಿಯ ರಸಚರ್ಚೆಯಲ್ಲವೆಂಬುದು ತಿಳಿಯುತ್ತದೆ.

೪

ಬಿಡುವಾಗಿ ಕಟ್ಟಿದ ಚಿತ್ರಕ್ಕೂ ಆಡುತ್ತಿರುವಾಗ ಹುಟ್ಟುವ ಚಿತ್ರಕ್ಕೂ ಇಷ್ಟು ಅಂತರವೇಕೆ? ತಂತ್ರದ ವಿವರಕ್ಕೆ ಕೊಂಚ ಇಳಿಯಬೇಕಾಗುತ್ತದೆ.

ಪರದೆಯ ಮೇಲಿನ ಚಿತ್ರವೆಲ್ಲವೂ ಪಿಕ್ಸೆಲ್ಲೆಂಬ ಬಣ್ಣದ ಚುಕ್ಕೆಗಳ ಸಮೂಹ. ಮೋಟರ್‌ಸ್ಟಾರ್ಮಿನ ಪರದೆಯಲ್ಲಿ ಅಡ್ಡಲಾಗಿ ೧೨೮೦, ಉದ್ದಕ್ಕೆ ೭೨೦ ಚುಕ್ಕೆಗಳು. ಅಂದರೆ ಒಂದು ಬಿಡಿಚಿತ್ರದಲ್ಲಿ ೯,೨೧,೬೦೦. ಕಣ್ಣಿಗೆ ಚಲನೆಯ ಭ್ರಮೆ ಹುಟ್ಟಿಸಲು ಆ ಆಟವು ಸೆಕೆಂಡಿಗೆ ಇಂಥ ೩೦ ಬಿಡಿಚಿತ್ರಗಳನ್ನು ತೋರಿಸುತ್ತದೆ. ಹಾಗಾಗಿ ಒಂದೊಂದು ಚಿತ್ರಕ್ಕೆ ದೊರೆಯುವ ಕಾಲ ಸೆಕೆಂಡಿನ ಮೂವತ್ತನೆಯ ಒಂದು ಭಾಗ ಮಾತ್ರ. ಅಷ್ಟರೊಳಗೆ ಯಂತ್ರವು ಆಟಗಾರನ ಕೈಯ ಸೂಚನೆಯನ್ನು ಓದಬೇಕು; ಗಾಲಿ ನೆಲಕ್ಕೆ ತಗಲಿದ್ದನ್ನು ಲೆಕ್ಕಹಾಕಬೇಕು; ಸಾವಿರಾರು ತ್ರಿಕೋನಗಳಿಂದ ಕಟ್ಟಿದ ಬೆಟ್ಟ, ವಾಹನ, ಸವಾರರನ್ನು ನೋಡುವ ಕೋನಕ್ಕೆ ತಕ್ಕಂತೆ ಪರದೆಯ ಮೇಲೆ ಹಾಸಬೇಕು; ಅವುಗಳ ಮೈಗೆ ಮಣ್ಣಿನ, ಲೋಹದ, ಬಟ್ಟೆಯ ಚಿತ್ರಗಳನ್ನು ಹೊದಿಸಿ, ಬೆಳಕನ್ನೂ ನೆರಳನ್ನೂ ಕೂಡಿಸಬೇಕು. ಮುಂಚಿತವಾಗಿ ಕಟ್ಟುವ ಚಿತ್ರಕ್ಕೆ ಈ ಕಟ್ಟಳೆಯಿಲ್ಲ. ಅದರಲ್ಲಿ ಒಂದು ಬಿಡಿಚಿತ್ರಕ್ಕೆ ಒಂದು ಗಂಟೆ ಹಿಡಿದರೂ ಅಡ್ಡಿಯಿಲ್ಲ. ಒಂದು ಗಂಟೆಯಲ್ಲಿ ಸೆಕೆಂಡಿನ ಮೂವತ್ತನೆಯ ಭಾಗಗಳು ೧,೦೮,೦೦೦ ಇವೆ. ಇಷ್ಟು ಪಟ್ಟು ಬಿಡುವನ್ನು ಪಡೆದ ಚಿತ್ರವನ್ನೂ ಅದನ್ನು ಪಡೆಯದ ಚಿತ್ರವನ್ನೂ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲ.

ಶ್ರೀಶಂಕುಕನ ಚಿತ್ರತುರಗನ್ಯಾಯವನ್ನು ಇಲ್ಲಿ ನೆನೆಯಬಹುದು. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು (೧೯೫೩) ಓದಿದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಬರೆದ ಕುದುರೆಯನ್ನು ನೋಡಿ ‘ಇದು ಕುದುರೆ’ ಎಂದು ನಾವು ತಿಳಿಯುತ್ತೇವೆ. ಆ ತಿಳಿವು ನಿಜಜ್ಞಾನವಲ್ಲ, ಸುಳ್ಳುಜ್ಞಾನವಲ್ಲ, ಸಂಶಯವಲ್ಲ, ಹೋಲಿಕೆಯೂ ಅಲ್ಲ. ಈ ನಾಲ್ಕಕ್ಕೂ ಬೇರೆಯಾದ ಒಂದು ಬಗೆ. ನಟನನ್ನು ರಾಮನೆಂದು ತಿಳಿಯುವುದೂ ಹೀಗೆಯೇ ಎಂದು ಶಂಕುಕನ ಮತ. ವಿಡಿಯೋ ಆಟದ ಓಟಗಾಡಿಯೂ ನಿಸ್ಸಂದೇಹವಾಗಿ ಚಿತ್ರತುರಗವೇ. ಪರದೆಯಲ್ಲಿ ಗಾಡಿಯಿಲ್ಲ, ಕೆಸರಿಲ್ಲ. ಆದರೂ ತಿರುವಿನಲ್ಲಿ ಆಟಗಾರನ ಮೈ ಓರೆಯಾಗುತ್ತದೆ. ಈ ಅರಿವನ್ನು ಭ್ರಾಂತಿಯೆಂದು ಕರೆಯುವುದು ತಪ್ಪು.

ಟ್ರೇಲರಿನ ಸಂಗತಿಯಲ್ಲಿ ಇನ್ನೊಂದು ಸುತ್ತು ಇದೆ. ಆಟವು ಓಟದ ಚಿತ್ರವಾದರೆ, ಮುಂಚಿತವಾಗಿ ಕಟ್ಟಿದ ಟ್ರೇಲರು ಆ ಚಿತ್ರದ ಚಿತ್ರ. ಮೊದಲನೆಯದರಲ್ಲಿ ಪ್ರೇಕ್ಷಕನಿಗೆ ತಾನು ನೋಡುತ್ತಿರುವುದು ಬರೆದ ಕುದುರೆಯೆಂಬ ಅರಿವು ಒಳಗೇ ಇರುತ್ತದೆ. ಎರಡನೆಯದರಲ್ಲಿ ಅದಿಲ್ಲ. ತಾನು ನೋಡುತ್ತಿರುವುದು ಆಟವೆಂದೇ ಆತ ತಿಳಿದಿರುತ್ತಾನೆ. ಶಂಕುಕನು ಹೊರಗಿಟ್ಟ ನಾಲ್ಕು ಬಗೆಗಳಲ್ಲಿ ಇದು ಎರಡನೆಯದಕ್ಕೆ, ಎಂದರೆ ಸುಳ್ಳುಜ್ಞಾನಕ್ಕೆ ಸೇರುತ್ತದೆ. ಚಿತ್ರ ಎಷ್ಟೇ ಮನೋಹರವಾಗಿದ್ದರೂ ಈ ದೋಷ ಅದನ್ನು ಬಿಡದು.

ಶಂಕುಕನ ಮತವನ್ನು ಭಟ್ಟತೌತ ಖಂಡಿಸಿದ ಬಗೆಯೂ ಇಲ್ಲಿ ಪ್ರಯೋಜನಕಾರಿ. ಅನುಕರಣವನ್ನು ಅನುಕರಣವೆಂದು ಅರಿಯಬೇಕಾದರೆ ಅನುಕಾರ್ಯವನ್ನು ಕಂಡಿರಬೇಕು. ರಾಮನನ್ನು ಕಂಡವರಾರು ಎಂಬುದು ಅವನ ಆಕ್ಷೇಪದ ಸಾರ. ೨೦೦೫ರ ಮೇ ತಿಂಗಳಲ್ಲಿ ಪ್ಲೇಸ್ಟೇಷನ್ ೩ರ ಮೇಲೆ ಓಡುವ ಆಟವನ್ನು ಪ್ರೇಕ್ಷಕರಾರೂ ಕಂಡಿರಲಿಲ್ಲ. ಆ ಯಂತ್ರವೇ ಅಂಗಡಿಗೆ ಬಂದದ್ದು ೨೦೦೬ರ ನವೆಂಬರಿನಲ್ಲಿ. ಆದಕಾರಣ ತುಣುಕು ಅದನ್ನು ಸರಿಯಾಗಿ ಅನುಕರಿಸಿದೆಯೇ ಎಂದು ತೂಗುವ ಸಾಧನ ಅವರ ಬಳಿ ಇರಲಿಲ್ಲ. ನಂಬುವುದೊಂದೇ ಅವರಿಗೆ ಉಳಿದದ್ದು.

೫

ಹಾಗಾದರೆ ಪ್ರೇಕ್ಷಕನ ಬಳಿ ಯಾವ ಅಳತೆಗೋಲೂ ಇಲ್ಲವೇ? ಕಚ್ಚಾ ಹಾದಿಯ ಆಟದಲ್ಲಿ ಒಂದು ಉಂಟು. ಅದು ನೆಲ.

ಡಾಂಬರು ರಸ್ತೆಯ ಪಂದ್ಯದಲ್ಲಿ ನೆಲ ಬರಿಯ ಆಧಾರ. ಮೊದಲ ಸುತ್ತಿನಲ್ಲಿ ಹೇಗಿತ್ತೋ ಕೊನೆಯ ಸುತ್ತಿನಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಕಚ್ಚಾ ಹಾದಿಯಲ್ಲಿ ನೆಲವೇ ಪ್ರತಿನಾಯಕ. ಅದು ಗಾಲಿಯನ್ನು ಹಿಡಿಯುತ್ತದೆ, ಜಾರಿಸುತ್ತದೆ, ನುಂಗುತ್ತದೆ. ಗಾಲಿಯೂ ಅದನ್ನು ಉತ್ತು ಹೋಗುತ್ತದೆ. ಆದ್ದರಿಂದ ಈ ಬಗೆಯ ಆಟದಲ್ಲಿ ಗ್ರಾಫಿಕ್ಸ್ ಎಂಬುದು ಅಲಂಕಾರವೋ ಅಂಗವೋ ಎಂಬ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಏಳುತ್ತದೆ. ಕೆಸರು ಹೊಳೆಯುವಂತೆ ಬರೆದು ಗಾಡಿ ಮಾತ್ರ ಡಾಂಬರಿನ ಮೇಲಿದ್ದಂತೆ ಓಡಿದರೆ ಆ ಹೊಳಪು ಹೊರಗಿನಿಂದ ತೊಡಿಸಿದ ಒಡವೆ. ಕಂಡ ಕೆಸರಿಗೂ ಗಾಡಿಯ ನಡೆಗೂ ಹೊಂದಿಕೆಯಿದ್ದರೆ ಆ ಚಿತ್ರಣಕ್ಕೆ ಔಚಿತ್ಯ ಒದಗಿತೆನ್ನಬಹುದು.

ಈ ದೃಷ್ಟಿಯಿಂದ ನೋಡಿದಾಗ ಮೋಟರ್‌ಸ್ಟಾರ್ಮಿಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ. ಅದರಲ್ಲಿ ಮೋಟರ್‌ಸೈಕಲ್ಲಿನಿಂದ ಭಾರಿ ಲಾರಿಯವರೆಗೆ ಏಳು ವರ್ಗದ ವಾಹನಗಳು ಒಂದೇ ಪಂದ್ಯದಲ್ಲಿ ಓಡುತ್ತವೆ. ಕೆಳಗಿನ ಕೆಸರುಹಾದಿ ಹಗುರ ವಾಹನವನ್ನು ತಡೆಯುತ್ತದೆ, ಭಾರದ ಲಾರಿಗೆ ದಾರಿ ಕೊಡುತ್ತದೆ. ಮೇಲಿನ ಕಿರಿದಾದ ಕಲ್ಲುಹಾದಿಯಲ್ಲಿ ಮೋಟರ್‌ಸೈಕಲ್ಲಿನದೇ ಮೇಲುಗೈ. ಒಂದು ಸುತ್ತಿನಲ್ಲಿ ಗಾಲಿಗಳು ಕೊರೆದ ಜಾಡು ಮುಂದಿನ ಸುತ್ತಿನಲ್ಲಿಯೂ ಉಳಿದಿರುತ್ತದೆ. ೨೦೦೫ರ ತುಣುಕು ಕೆಸರಿನ ಸೊಗಸನ್ನಷ್ಟೇ ಸಾರಿತ್ತು. ಆಟದ ನಿಜವಾದ ಸಾಧನೆ ಕೆಸರಿನ ನೆನಪಿನಲ್ಲಿತ್ತು. ಅದನ್ನು ಟ್ರೇಲರು ತೋರಿಸಲಾರದು. ಮೂರು ಸುತ್ತು ಆಡಿದವನಿಗೇ ಅದು ತಿಳಿಯುವಂಥದು.

೨೦೧೪ರಲ್ಲಿ ಬಂದ ಸ್ಪಿನ್‌ಟೈರ್ಸ್ ಈ ನೆಲದ ತತ್ತ್ವವನ್ನು ಕೊನೆಯವರೆಗೆ ಒಯ್ದಿತು. ಅದರಲ್ಲಿರುವುದು ಓಟವಲ್ಲ, ಒದ್ದಾಟ. ಮರದ ದಿಮ್ಮಿ ಹೇರಿದ ಲಾರಿಯೊಂದು ಅಡವಿಯ ರಾಡಿಯಲ್ಲಿ ಇಂಚಿಂಚಾಗಿ ಸಾಗುತ್ತದೆ. ಗಾಲಿ ತಿರುಗಿದಷ್ಟೂ ಹುಗಿಯುತ್ತದೆ. ಪೂರ್ಣ ಆಟಕ್ಕೆ ಮುನ್ನವೇ ಅದರ ಸಣ್ಣ ಮಾದರಿಯೊಂದು ಆಡಲು ದೊರೆಯುತ್ತಿತ್ತು. ಕಾಯುವವರು ತಮ್ಮ ಯಂತ್ರದ ಮೇಲೆ, ತಮ್ಮ ಕೈಯಿಂದಲೇ ಆ ರಾಡಿಯನ್ನು ಪರೀಕ್ಷಿಸಬಹುದಾಗಿತ್ತು. ಅದು ಪಾರಿಜಾತದ ಹೂವಿನಂಥ ನಿರೀಕ್ಷೆ. ಅದನ್ನು ನ್ಯಾಯವೆಂದು ಒಪ್ಪಬೇಕು. ೨೦೧೭ರ ಮಡ್‌ರನ್ನರ್, ೨೦೨೦ರ ಸ್ನೋರನ್ನರ್ ಆಟಗಳು ಇದೇ ವಂಶದವು.

ಭಟ್ಟತೌತನ ಆಕ್ಷೇಪಕ್ಕೆ ನಮ್ಮ ವಿದ್ಯಾರ್ಥಿಗಳು ಉತ್ತರ ಕೊಡಬಲ್ಲವರಾಗುವುದು ಇಲ್ಲಿ. ಅನುಕಾರ್ಯವಾದ ರಾಡಿಯನ್ನು ಅವರು ಕಂಡಿದ್ದಾರೆ. ಎರೆಭೂಮಿಯ ಗುಣ ಒಂದಲ್ಲ. ಬೇಸಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಗೆ ನೀರು ಹೀರಿ ಉಬ್ಬುತ್ತದೆ. ಒಂದು ಹದದಲ್ಲಿ ಗಾಲಿಗೆ ಮೆತ್ತಿಕೊಂಡು ಗಾಲಿಯನ್ನೇ ಉರುಳದಂತೆ ಮಾಡುತ್ತದೆ. ಇನ್ನೂ ನೆನೆದರೆ ಸಾಬೂನಿನಂತೆ ಜಾರುತ್ತದೆ. ಹಳೆಯ ಜಾಡು ಒಣಗಿ ಗಟ್ಟಿಯಾದರೆ ಚಕ್ಕಡಿಯ ಗಾಲಿ ಅದರಿಂದ ಹೊರಗೆ ಬರಲೊಲ್ಲದು. ಮಸಾರಿಯ ನಡತೆ ಬೇರೆ. ಘಟಪ್ರಭೆಯ ದಂಡೆಯ ಮೆಕ್ಕಲಿನದು ಮತ್ತೊಂದು. ಕಬ್ಬಿನ ಹಂಗಾಮಿನಲ್ಲಿ ಹೇರು ತುಂಬಿದ ಟ್ರ್ಯಾಕ್ಟರನ್ನು ಹೊಲದಿಂದ ರಸ್ತೆಗೆ ಏರಿಸುವ ಚಾಲಕನಿಗೆ ಈ ಭೇದಗಳೆಲ್ಲ ಅಂಗೈಯ ಗೆರೆಯಂತೆ ಗೊತ್ತು. ಜಾತ್ರೆಯ ಚಕ್ಕಡಿ ಶರ್ಯತ್ತಿನಲ್ಲಿ ಕಣದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುವ ಹಿರಿಯರಿಗೂ ಗೊತ್ತು. ದೂರದ ದೇಶದ ಕೆಸರಿನ ಚಿತ್ರವನ್ನು ಅಳೆಯಲು ಈ ಜ್ಞಾನಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ. ಮಣ್ಣು ಗಾಲಿಗೆ ಮೆತ್ತಿದ ಮೇಲೆ ಗಾಡಿಯ ವೇಗ ಕುಗ್ಗಿತೇ? ಹಿಂದೆ ಬಂದ ಗಾಡಿ ಮುಂದೆ ಹೋದದ್ದರ ಜಾಡಿನಲ್ಲಿ ತುಯ್ದಾಡಿತೇ? ಟ್ರೇಲರನ್ನು ನೋಡುವಾಗಲೂ ಈ ಪ್ರಶ್ನೆಗಳನ್ನು ಕೇಳಬಹುದು.

೬

ಈಚಿನ ವರ್ಷಗಳಲ್ಲಿ ಮುಂಚಿತವಾಗಿ ಕಟ್ಟಿದ ಚಿತ್ರಕ್ಕೂ ಆಟದ ಚಿತ್ರಕ್ಕೂ ನಡುವಿನ ಅಂತರ ಕುಗ್ಗಿದೆಯೆಂಬ ಮಾತು ಕೇಳಿಬರುತ್ತದೆ. ಕುಗ್ಗಿರುವುದು ನಿಜ, ಇಲ್ಲವಾಗಿಲ್ಲ. ಬೆಳಕಿನ ಕಿರಣಗಳ ಹಾದಿಯನ್ನು ಒಂದೊಂದಾಗಿ ಲೆಕ್ಕಹಾಕಿ ಪ್ರತಿಬಿಂಬವನ್ನು ಬರೆಯುವ ರೇ ಟ್ರೇಸಿಂಗ್ ಎಂಬ ವಿಧಾನ ೧೯೮೦ರ ಹೊತ್ತಿಗೇ ತಿಳಿದಿದ್ದರೂ ಆಡುವಾಗಲೇ ಅದನ್ನು ನಡೆಸಬಲ್ಲ ಗ್ರಾಫಿಕ್ಸ್ ಕಾರ್ಡುಗಳು ಸಾಮಾನ್ಯ ಕೊಳ್ಳುಗರಿಗೆ ದೊರೆತದ್ದು ೨೦೧೮ರಲ್ಲಿ. ೨೦೨೧ರ ನವೆಂಬರಿನಲ್ಲಿ ಬಂದ ಫೋರ್ಜಾ ಹೊರೈಜನ್ ೫ ಮೆಕ್ಸಿಕೋ ದೇಶದ ಮರುಭೂಮಿ, ಜೌಗು, ಜ್ವಾಲಾಮುಖಿಗಳ ನಡುವೆ ಓಡಿಸುವ ಆಟ. ಅದರಲ್ಲಿ ರೇ ಟ್ರೇಸಿಂಗ್ ಇತ್ತು. ಆದರೆ ಬಂದ ದಿನಗಳಲ್ಲಿ ಕಾರನ್ನು ನಿಲ್ಲಿಸಿ ಸುತ್ತ ತಿರುಗಿ ನೋಡುವ ಪ್ರತ್ಯೇಕ ಭಾಗದಲ್ಲಿ ಮಾತ್ರ. ಕಾರು ಓಡತೊಡಗಿದೊಡನೆ ಅದು ಇರುತ್ತಿರಲಿಲ್ಲ. ಒಂದು ವರ್ಷದ ತರುವಾಯ, ೨೦೨೨ರ ನವೆಂಬರಿನಲ್ಲಿ, ಗಣಕಯಂತ್ರದ ಆವೃತ್ತಿಯಲ್ಲಿ ಓಟದ ನಡುವೆಯೂ ಅದನ್ನು ಅಳವಡಿಸಲಾಯಿತು. ನಿಂತ ಕುದುರೆಯನ್ನು ಬರೆಯುವುದಕ್ಕಿಂತ ಓಡುವ ಕುದುರೆಯನ್ನು ಬರೆಯುವುದು ಕಷ್ಟವೆಂಬುದು ಚಿತ್ರಕಾರರೆಲ್ಲ ಬಲ್ಲ ಮಾತು. ಯಂತ್ರವೂ ಅದಕ್ಕೆ ಹೊರತಲ್ಲ. ಈ ಆಟದಲ್ಲಿ ಭೇದವನ್ನು ಮುಚ್ಚಿಡದೆ ಮೊದಲೇ ತಿಳಿಸಿದ್ದರೆಂಬುದನ್ನು ಗಮನಿಸಬೇಕು. ಮಿತಿಯನ್ನು ಒಪ್ಪಿ ಹೇಳಿದ ಚಿತ್ರ ಸೊಗಸಿನಲ್ಲಿ ಕಡಮೆಯಾದರೂ ನಂಬಿಕೆಯಲ್ಲಿ ಹೆಚ್ಚಿನದು.

ಇದಲ್ಲದೆ ಮೂರನೆಯ ಚಿತ್ರವೊಂದುಂಟು. ಮುಂಚಿತವಾಗಿ ಕಟ್ಟಿದ್ದು ಒಂದು. ತಯಾರಕನ ಉತ್ತಮ ಯಂತ್ರ ರಚಿಸಿದ್ದು ಎರಡು. ಕೊಂಡವನ ಮನೆಯ ಯಂತ್ರ ರಚಿಸುವುದು ಮೂರು. ಅಮೆರಿಕದ ಪ್ರದರ್ಶನದಲ್ಲಿ ಪರದೆಯ ಚುಕ್ಕೆಗಳು ೮೨ ಲಕ್ಷಕ್ಕೂ ಮಿಕ್ಕಿದ್ದರೆ ವಿದ್ಯಾರ್ಥಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ೧೦ ಲಕ್ಷದಷ್ಟೂ ಇಲ್ಲದಿರಬಹುದು. ಫೋರ್ಜಾ ಹೊರೈಜನ್ ೫ರ ಗಣಕ ಆವೃತ್ತಿ ಸುಮಾರು ೧೧೦ ಗಿಗಾಬೈಟು ಜಾಗ ಬೇಡುತ್ತದೆ. ದಿನಕ್ಕೆ ಒಂದೂವರೆ ಗಿಗಾಬೈಟು ಕೊಡುವ ಮೊಬೈಲ್ ಯೋಜನೆಯೊಂದನ್ನೇ ನೆಚ್ಚಿದವನು ಅದನ್ನು ತರಿಸಿಕೊಳ್ಳುವಷ್ಟರಲ್ಲಿ ಎಪ್ಪತ್ತಮೂರು ದಿನಗಳು ಕಳೆಯುತ್ತವೆ. ವಿದ್ಯುತ್ತಿನ ಚರಿತ್ರೆಯಲ್ಲಿ ನಮ್ಮ ಸೀಮೆ ಹಿಂದುಳಿದದ್ದಲ್ಲ. ಗೋಕಾಕ ಜಲಪಾತದ ನೀರಿನಿಂದ ೧೮೮೭ರಲ್ಲಿಯೇ ವಿದ್ಯುತ್ತನ್ನು ಉತ್ಪಾದಿಸಿದರು. ಹುಕ್ಕೇರಿಯಲ್ಲಿ ೧೯೬೯ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಹುಟ್ಟಿತು. ಆದರೂ ಮೊದಲನೆಯ ಚಿತ್ರದಿಂದ ಮೂರನೆಯದಕ್ಕೆ ಇಳಿಯುವ ಮೆಟ್ಟಿಲುಗಳು ಇಲ್ಲಿ ನಗರದಲ್ಲಿರುವುದಕ್ಕಿಂತ ಹೆಚ್ಚು. ಟ್ರೇಲರಿನ ಮಾತಿಗೆ ನಮ್ಮವರು ತೆರುವ ಬೆಲೆಯೂ ಅಷ್ಟಕ್ಕಷ್ಟು ಹೆಚ್ಚು.

೭

ಇಲ್ಲಿ ಎರಡು ಆಕ್ಷೇಪಗಳು ಬರಬಹುದು.

ಜಾಹೀರಾತಿನಲ್ಲಿ ಉತ್ಪ್ರೇಕ್ಷೆ ಸಹಜ. ಕವಿಯ ಅತಿಶಯೋಕ್ತಿಯನ್ನು ಮೆಚ್ಚುವವರು ಟ್ರೇಲರಿನದನ್ನೇಕೆ ದೂರಬೇಕು ಎಂಬುದು ಮೊದಲನೆಯದು. ಉತ್ತರ ಕಷ್ಟದ್ದಲ್ಲ. ಕವಿಯು ನಾಯಿಕೆಯ ಮುಖವನ್ನು ಚಂದ್ರನೆಂದಾಗ ಅದು ಅತಿಶಯೋಕ್ತಿಯೆಂಬ ಅರಿವು ಕವಿಗೂ ಸಹೃದಯನಿಗೂ ಸಮಾನ. ಅರಿವು ಒಬ್ಬನಲ್ಲಿಯೇ ಇದ್ದು ಮತ್ತೊಬ್ಬನಲ್ಲಿ ಇಲ್ಲದಿದ್ದರೆ ಅದು ಅಲಂಕಾರವಾಗುವುದಿಲ್ಲ. ಗೋಕಾಕದ ಗೊಂಬೆಗಳನ್ನೇ ತೆಗೆದುಕೊಳ್ಳಿ. ಹಗುರ ಕಟ್ಟಿಗೆಯನ್ನು ಕೆತ್ತಿ, ಬಣ್ಣ ಬಳಿದು ಮಾಡಿದ ಅಲ್ಲಿಯ ಹಣ್ಣು ತರಕಾರಿಗಳು ನಿಜದವೆಂಬಂತೆ ತೋರುತ್ತವೆ. ಹಣ್ಣಿನ ಹೊಳಪು, ಸಿಪ್ಪೆಯ ಕಲೆ ಎಲ್ಲವೂ ಉಂಟು. ಅವನ್ನು ಕೊಂಡವರಾರೂ ತಾವು ಮೋಸಹೋದೆವೆನ್ನುವುದಿಲ್ಲ. ಗೊಂಬೆಯೆಂದು ಮಾರಿದರು, ಗೊಂಬೆಯೆಂದು ಕೊಂಡರು. ಅದೇ ಹಣ್ಣನ್ನು ಬುಟ್ಟಿಯ ಮೇಲುಗಡೆ ಇಟ್ಟು ಕೆಳಗಿನ ಹಣ್ಣಿನ ಮಾದರಿಯೆಂದು ತೋರಿಸಿದರೆ ಕುಶಲಕಲೆ ವಂಚನೆಯಾಗುತ್ತದೆ. ಗೊಂಬೆಯಲ್ಲಿ ವ್ಯತ್ಯಾಸವೇನೂ ಆಗಿಲ್ಲ. ಅದನ್ನು ಇಟ್ಟ ಜಾಗ ಬೇರೆಯಾಗಿದೆ.

ಆಟದ ಸತ್ತ್ವ ಆಡುವುದರಲ್ಲಿದೆ, ನೋಡುವುದರಲ್ಲಿಲ್ಲ. ಆದ್ದರಿಂದ ಗ್ರಾಫಿಕ್ಸಿನ ಚರ್ಚೆಯೇ ವ್ಯರ್ಥ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಸರಳ ಚಿತ್ರಗಳ ಹಳೆಯ ಆಟಗಳು ಇಂದಿಗೂ ರುಚಿಸುತ್ತವೆ. ಆದರೆ ಕಚ್ಚಾ ಹಾದಿಯ ಆಟದಲ್ಲಿ ಆಟಗಾರ ನಿರ್ಣಯಿಸುವುದು ಕಣ್ಣಿನಿಂದ. ಮುಂದಿನ ಮಣ್ಣು ಗಟ್ಟಿಯೋ ಮೆದುವೋ, ನೀರು ಆಳವೋ ತೆಳುವೋ ಎಂಬುದನ್ನು ಅವನು ಬಣ್ಣದಿಂದ, ಹೊಳಪಿನಿಂದ, ಜಾಡಿನಿಂದ ಓದಬೇಕು. ಚಿತ್ರ ಇಲ್ಲಿ ಅಕ್ಷರದ ಕೆಲಸವನ್ನೇ ಮಾಡುತ್ತದೆ. ಹಾಗಾಗಿ ಗ್ರಾಫಿಕ್ಸನ್ನು ಕಡೆಗಣಿಸಿದ ವಿಮರ್ಶೆ ಇಂಥ ಆಟಕ್ಕೆ ನ್ಯಾಯ ಸಲ್ಲಿಸಲಾರದು.

ಈ ಕಲೆಯಲ್ಲಿ ನಮ್ಮ ನಾಡಿನ ಕೈಗಳೂ ದುಡಿದಿವೆಯೆಂಬುದನ್ನು ಇಲ್ಲಿ ಸ್ಮರಿಸಬೇಕು. ರಾಜೇಶ್ ರಾವ್ ಅವರು ೧೯೯೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಹೊರದೇಶದ ಅನೇಕ ಆಟಗಳಿಗೆ ರೂಪಗಳನ್ನು ರಚಿಸಿಕೊಟ್ಟಿತು. ಫೋರ್ಜಾ ಸರಣಿಯ ಆಟಗಳೂ ಅವುಗಳಲ್ಲಿ ಸೇರಿವೆ. ೨೦೧೯ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡು ತನ್ನ ಭಾರತೀಯ ಶಾಖೆಯಲ್ಲಿ ವಿಲೀನಗೊಳಿಸಿತು. ಈ ಕುಶಲಿಗಳಿಗೂ ಗೋಕಾಕದ ಗೊಂಬೆಯ ಕುಶಲಿಗಳಿಗೂ ಇರುವ ಸಾಮ್ಯ ಗಮನಾರ್ಹ. ಇಬ್ಬರೂ ಮೇಲ್ಮೈಯನ್ನು ನಿಜವೆನಿಸುವಂತೆ ಮಾಡುವವರು. ಇಬ್ಬರ ಹೆಸರೂ ನೋಡುವವರಿಗೆ ತಿಳಿಯದು. ಮೊದಲ ತುಣುಕನ್ನು ಕಂಡು ಬೆರಗಾಗುವವರು ಯಂತ್ರವನ್ನು ಹೊಗಳುತ್ತಾರೆ. ಯಂತ್ರಕ್ಕೆ ಆ ರೂಪಗಳನ್ನು ಕೆತ್ತಿಕೊಟ್ಟ ಕೈಗಳಿವೆಯೆಂಬುದನ್ನು ವಿಮರ್ಶಕನಾದರೂ ಮರೆಯಬಾರದು.

೮

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. ಬರಲಿರುವ ಆಟವನ್ನು ಕುರಿತ ಔತ್ಸುಕ್ಯ ದೋಷವಲ್ಲ. ಅದು ಅನುಭವದ ಮೊದಲ ಅವಸ್ಥೆ. ಆದರೆ ಅದಕ್ಕೆ ಕಾರಣವಾದ ಚಿತ್ರವನ್ನು ಪರೀಕ್ಷಿಸುವ ಹೊಣೆ ನೋಡುವವನ ಮೇಲೂ ಉಂಟು. ಈ ಚಿತ್ರವನ್ನು ಆಡುವ ಯಂತ್ರವೇ ಆಡುವ ಹೊತ್ತಿನಲ್ಲಿ ರಚಿಸಿತೇ? ಇದರೊಳಗಿನ ನೆಲ ಗಾಲಿಗೆ ಮಣಿದು, ಮಣಿದದ್ದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆಯೇ? ನನ್ನ ಮನೆಯ ಯಂತ್ರ ಇದರಲ್ಲಿ ಎಷ್ಟನ್ನು ಉಳಿಸಿಕೊಡಬಲ್ಲದು? ಅಲಂಕಾರಶಾಸ್ತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಈ ಮೂರು ಪ್ರಶ್ನೆಗಳನ್ನು ತಾವು ಕಾಯುತ್ತಿರುವ ಆಟಕ್ಕೆ ಹಾಕಿ ನೋಡಿದರೆ ಶಂಕುಕನೂ ಭಟ್ಟತೌತನೂ ಅವರಿಗೆ ಹೆಸರುಗಳಾಗಿ ಮಾತ್ರ ಉಳಿಯುವುದಿಲ್ಲ. ತರಗತಿಯಲ್ಲಿ ಅಧ್ಯಾಪಕರು ಒಂದು ಟ್ರೇಲರನ್ನೂ ಅದರ ಆಟವನ್ನೂ ಅಕ್ಕಪಕ್ಕದಲ್ಲಿಟ್ಟು ಒಂದು ಗಂಟೆಯ ಚರ್ಚೆ ನಡೆಸಿದರೆ ಅದು ಕಾಲಹರಣವಾಗಲಾರದು.

ಇನ್ನೊಂದು ಮಾತು ಉಳಿದಿದೆ. ಅಮೆರಿಕದ ಕಣಿವೆ, ರಷ್ಯದ ಅಡವಿ, ಮೆಕ್ಸಿಕೋದ ಮರುಭೂಮಿ ಇವೆಲ್ಲ ಆಟಗಳ ಕಣಗಳಾಗಿವೆ. ಘಟಪ್ರಭೆ ೫೨ ಮೀಟರು ಧುಮುಕುವ ಬಂಡೆಗಳ ಸೀಮೆ, ಹಿಡಕಲ್ ಜಲಾಶಯದ ಹಿನ್ನೀರಿನ ಅಂಚು, ಮೂಡಲಗಿಯ ಎರೆಹೊಲಗಳ ನಡುವಿನ ಬಂಡಿಹಾದಿ ಇವು ಅಂಥ ಕಣಗಳಾಗಲು ಯಾವುದರಲ್ಲಿಯೂ ಕಡಮೆಯಲ್ಲ. ಎರೆಮಣ್ಣಿನ ನಾಲ್ಕು ಹದಗಳನ್ನೂ ಯಂತ್ರಕ್ಕೆ ಕಲಿಸುವುದು ಸಣ್ಣ ಕೆಲಸವಲ್ಲ. ಮರಳನ್ನೂ ಹಿಮವನ್ನೂ ಕಲಿಸಿದವರಿಗೆ ಅದು ತಿಳಿದಿರಲಾರದು. ತಿಳಿದವರು ಈ ತಾಲೂಕುಗಳಲ್ಲಿದ್ದಾರೆ. ಅವರ ಮಕ್ಕಳಲ್ಲಿ ಯಾರಾದರೂ ಮುಂದೆ ಈ ಕೆಲಸಕ್ಕೆ ಕೈಹಾಕುವುದಾದರೆ, ಮೊದಲು ನೆಲವನ್ನು ಗಾಲಿಗೆ ಮಣಿಯುವಂತೆ ಮಾಡಲಿ. ಟ್ರೇಲರನ್ನು ಆಮೇಲೆ ತೋರಿಸಲಿ.